ನೈತಿಕ ಹೊಣೆ: ಲಾವೋಸ್‌ನ ಬಾಂಬುಗಳು ಯಾರ ಲೆಕ್ಕಕ್ಕೆ?

ನೈತಿಕ ಹೊಣೆ ಅಂದರೆ ನಮಗೆ ಮೊದಲು ನೆನಪಾಗುವುದು ರಾಜೀನಾಮೆ. 1956ರ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿ ರೈಲ್ವೆ ಖಾತೆ ಬಿಟ್ಟರು. ರೈಲು ಓಡಿಸಿದವರು ಅವರಲ್ಲ. ಕೋರ್ಟಿನಲ್ಲಿ ಅವರ ಮೇಲೆ ಕೇಸೂ ಇರಲಿಲ್ಲ. ಹೀಗೆ ಕಾನೂನು ಹಿಡಿದು ಕೇಳದಿದ್ದರೂ ತಾನಾಗಿ ಹೊರುವ ಭಾರವೇ ನೈತಿಕ ಹೊಣೆ.

ಮಂತ್ರಿಯೇನೋ ರಾಜೀನಾಮೆ ಕೊಡಬಹುದು. ದೇಶ ಏನು ಮಾಡಬೇಕು? ಈ ಪ್ರಶ್ನೆ ಕೇಳಲು ವಿಯೆಟ್ನಾಂ ಪಕ್ಕದ ಲಾವೋಸ್‌ಗಿಂತ ಸರಿಯಾದ ಜಾಗ ಸಿಗುವುದು ಕಷ್ಟ.

1962ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದವಾಯಿತು. ಲಾವೋಸ್ ಯಾರ ಪಕ್ಷಕ್ಕೂ ಸೇರದ ದೇಶ, ಹೊರಗಿನ ಸೈನ್ಯಗಳು ಅಲ್ಲಿರಬಾರದು ಅಂತ. ಅಮೆರಿಕ, ಸೋವಿಯತ್ ಒಕ್ಕೂಟ, ಚೀನಾ, ಉತ್ತರ ವಿಯೆಟ್ನಾಂ ಎಲ್ಲರೂ ಸಹಿ ಹಾಕಿದರು. ಭಾರತವೂ ಹಾಕಿತ್ತು. ಅಷ್ಟೇ ಅಲ್ಲ, ಒಪ್ಪಂದ ಪಾಲನೆ ಆಗುತ್ತಿದೆಯೇ ಎಂದು ನೋಡುವ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷತೆಯೂ ನಮ್ಮದೇ. ಆದರೆ ಪಾಲನೆ ಆಗಲಿಲ್ಲ. ಉತ್ತರ ವಿಯೆಟ್ನಾಂ ತನ್ನ ಸೈನಿಕರನ್ನು ಪೂರ್ತಿ ವಾಪಸ್ ಕರೆಸಲಿಲ್ಲ. ಅಮೆರಿಕ ಬೆಂಬಲಿಸುತ್ತಿದ್ದ ದಕ್ಷಿಣ ವಿಯೆಟ್ನಾಂ ವಿರುದ್ಧದ ಯುದ್ಧಕ್ಕೆ ಅದು ಆಳು, ಆಯುಧ ಸಾಗಿಸುವ ಹೋ ಚಿ ಮಿನ್ ದಾರಿ ಲಾವೋಸ್ ಕಾಡಿನೊಳಗೇ ಹಾದುಹೋಗುತ್ತಿತ್ತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅಲ್ಲಿನ ಗುಡ್ಡಗಾಡಿನ ಹಮಾಂಗ್ ಜನರನ್ನು ಸೇರಿಸಿ, ಅವರದೇ ಸೇನಾಧಿಕಾರಿ ವಾಂಗ್ ಪಾವೋ ನಾಯಕತ್ವದಲ್ಲಿ ಗುಟ್ಟಾಗಿ ಒಂದು ಸೈನ್ಯ ಕಟ್ಟಿತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಸುಮಾರು 5.8 ಲಕ್ಷ ಬಾರಿ ಹಾರಿ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಸುರಿದವು. ಒಂಬತ್ತು ವರ್ಷ, ಹಗಲೂ ರಾತ್ರಿ, ಸರಾಸರಿ ಎಂಟು ನಿಮಿಷಕ್ಕೊಂದು ವಿಮಾನದ ಲೋಡು. ಇದು ನಡೆಯುತ್ತಿದ್ದುದು ಬಹುಪಾಲು ಅಮೆರಿಕನ್ನರಿಗೇ ತಿಳಿದಿರಲಿಲ್ಲ.

ಸುರಿದಿದ್ದರಲ್ಲಿ ಕ್ಲಸ್ಟರ್ ಬಾಂಬುಗಳೂ ಇದ್ದವು. ಒಂದು ಡಬ್ಬಿ ಗಾಳಿಯಲ್ಲೇ ಬಿಚ್ಚಿಕೊಂಡು ನೂರಾರು ಚಿಕ್ಕ ಬಾಂಬುಗಳನ್ನು ಚೆಲ್ಲುತ್ತದೆ. ಅಲ್ಲಿನ ಜನ ಅವನ್ನು ‘ಬಾಂಬಿ’ ಅನ್ನುತ್ತಾರೆ. ಬಿದ್ದದ್ದು ಸುಮಾರು 27 ಕೋಟಿ. ಅದರಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಿನಲ್ಲಿ ಉಳಿದವು ಎಂಬುದು ಅಂದಾಜು. ಟೆನಿಸ್ ಚೆಂಡಿನಷ್ಟು ದೊಡ್ಡದು, ಮಕ್ಕಳು ಆಟದ ಸಾಮಾನು ಅಂತ ಎತ್ತಿಕೊಳ್ಳುತ್ತಾರೆ. ಗದ್ದೆ ಅಗೆಯುವ ಗುದ್ದಲಿಗೂ ತಾಗುತ್ತದೆ. ಯುದ್ಧ ಮುಗಿದ ಮೇಲೆ ಸತ್ತವರು, ಕೈಕಾಲು ಕಳೆದುಕೊಂಡವರೇ 20,000ಕ್ಕೂ ಹೆಚ್ಚು.

ಈಗ ಹೊಣೆ ಯಾರದು? ‘ಮೊದಲು ಒಪ್ಪಂದ ಮುರಿದವರು ಅವರು’ ಎಂಬ ಉತ್ತರ ತಕ್ಷಣ ಬರುತ್ತದೆ. ಅದರಲ್ಲಿ ಸತ್ಯವೂ ಇದೆ. ಉತ್ತರ ವಿಯೆಟ್ನಾಂಗೆ ಆಯುಧ ಕೊಟ್ಟ ಸೋವಿಯತ್ ಒಕ್ಕೂಟವಾಗಲಿ ಚೀನಾವಾಗಲಿ ಸಾಚಾ ಅಲ್ಲ. ಅದೇ ಚೀನಾ ಮುಂದೆ ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಪಡೆಯ ಬೆನ್ನಿಗೆ ನಿಂತಿತು, 1979ರಲ್ಲಿ ವಿಯೆಟ್ನಾಂ ಮೇಲೆಯೇ ದಂಡೆತ್ತಿ ಹೋಯಿತು. ಆದರೆ ಹೊಣೆಗಾರರು ಹೆಚ್ಚಾದರೆ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತಾ? ನನಗಂತೂ ಹಾಗನ್ನಿಸುವುದಿಲ್ಲ. ಯುದ್ಧಕ್ಕೆ ಇಳಿದದ್ದು ಸರಿಯೋ ತಪ್ಪೋ ಅನ್ನುವುದು ಒಂದು ಚರ್ಚೆ. ಸಿಡಿಯದ ಬಾಂಬು ಯಾರದು ಅನ್ನುವುದು ಬೇರೆಯೇ ಚರ್ಚೆ. ಎರಡನೆಯದಕ್ಕೆ ಉತ್ತರ ಕಷ್ಟವೇನಲ್ಲ, ಅಲ್ವಾ?

ದೊಡ್ಡ ದೇಶಗಳು ಜಾರಿಕೊಳ್ಳುವ ರೀತಿ ನೋಡಬೇಕು. ವಿಯೆಟ್ನಾಂ ಯುದ್ಧ ನಿಲ್ಲಿಸಲು ಮಾಡಿಕೊಂಡ 1973ರ ಪ್ಯಾರಿಸ್ ಒಪ್ಪಂದದ 21ನೇ ವಿಧಿಯಲ್ಲಿ, ಯುದ್ಧದ ಗಾಯ ಮಾಯಿಸಲು ನೆರವಾಗುತ್ತೇವೆ ಎಂದು ಅಮೆರಿಕ ಬರೆದುಕೊಟ್ಟಿತ್ತು. ಅಧ್ಯಕ್ಷ ನಿಕ್ಸನ್ ಪತ್ರದಲ್ಲಿ ಉತ್ತರ ವಿಯೆಟ್ನಾಂಗೆ 325 ಕೋಟಿ ಡಾಲರ್ ಎಂಬ ಅಂಕಿಯೂ ಇತ್ತು. ಆ ಹಣ ಬರಲಿಲ್ಲ. ಒಪ್ಪಂದ ಮುರಿದವರಿಗೆ ಯಾಕೆ ಕೊಡಬೇಕು ಎಂಬುದು ವಾದ. 1977ರಲ್ಲಿ ಅಧ್ಯಕ್ಷ ಕಾರ್ಟರ್, ನಾಶ ಎರಡೂ ಕಡೆ ಆಗಿದೆ, ಕ್ಷಮೆ ಕೇಳಬೇಕಾಗಿಲ್ಲ ಅಂದುಬಿಟ್ಟರು. ಕಾಂಬೋಡಿಯಾದ ಕಥೆ ಇನ್ನೂ ವಿಚಿತ್ರ. ಅಲ್ಲಿ ಬಿ-52 ವಿಮಾನಗಳಿಂದ ಬಾಂಬು ಸುರಿದ ಅಮೆರಿಕ, ಅದೇ ಕಾಲದಲ್ಲಿ ಅಲ್ಲಿನ ತನ್ನ ಬೆಂಬಲದ ಲಾನ್ ನಾಲ್ ಸರ್ಕಾರಕ್ಕೆ ಕೊಟ್ಟ ಸಾಲವನ್ನು ಬಡ್ಡಿ ಸಮೇತ ದಶಕಗಳ ನಂತರವೂ ಕೇಳುತ್ತಿತ್ತು!

ಇನ್ನೊಂದು ನೆಪವೂ ಉಂಟು: ಆಗ ಹುಟ್ಟೇ ಇರದ ಅಮೆರಿಕನ್ ಯುವಕನ ತೆರಿಗೆ ಹಣ ಯಾಕೆ ಹೋಗಬೇಕು? ಎರಡನೇ ಮಹಾಯುದ್ಧದ ನಂತರ ಜರ್ಮನ್ ತತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಇಂಥ ಗೊಂದಲವನ್ನು ಬಿಡಿಸಲು ನೋಡಿದ್ದರು. ಅಪರಾಧ ಮಾಡಿದವನದೇ, ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ಆದರೆ ರಾಜ್ಯ ಮಾಡಿದ ಕೆಲಸದ ಫಲವನ್ನು ಅದರ ಪ್ರಜೆಗಳೆಲ್ಲ ಹೊರಬೇಕು ಎಂಬುದು ಅವರ ವಾದ. ಆ ಯುವಕ ಅಪರಾಧಿಯಲ್ಲ, ನಿಜ. ಆದರೆ ದೇಶದ ಆಸ್ತಿ ಅವನಿಗೆ ಬಂದ ಹಾಗೆ ಸಾಲವೂ ಬರುತ್ತದೆ.

2016ರಲ್ಲಿ ಒಬಾಮಾ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ಗೆ ಹೋದರು. ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಹೋದ ಮೊದಲ ಅಮೆರಿಕ ಅಧ್ಯಕ್ಷ ಅವರೇ. ಲಾವೋಸ್‌ನ ಗಾಯ ಮಾಯಿಸುವುದು ಅಮೆರಿಕದ ನೈತಿಕ ಹೊಣೆ ಎಂದು ಬಾಯಿಬಿಟ್ಟು ಹೇಳಿದರು, ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ಕ್ಷಮೆ ಮಾತ್ರ ಕೇಳಲಿಲ್ಲ. ಕೊಡುವ ಹಣದ ಹೆಸರೂ ‘ನೆರವು’ ಎಂದೇ ಉಳಿಯಿತು, ಪರಿಹಾರ ಎಂದಾಗಲಿಲ್ಲ.

ಹೆಸರಲ್ಲೇನಿದೆ ಅನ್ನಬೇಡಿ. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ವಿದೇಶಿ ನೆರವನ್ನೆಲ್ಲ ತಡೆಹಿಡಿದಾಗ, ಆಗ್ನೇಯ ಏಷ್ಯಾದಲ್ಲಿ ಆ ಹಣದಿಂದ ನಡೆಯುತ್ತಿದ್ದ ಬಾಂಬು ತೆಗೆಯುವ ಕೆಲಸವೂ ನಿಂತಿತು. ನೆರವನ್ನು ಒಂದು ಸಹಿಯಲ್ಲಿ ನಿಲ್ಲಿಸಬಹುದು. ತೀರಿಸಲೇಬೇಕಾದ ಬಾಕಿ ಎಂದು ಒಪ್ಪಿಕೊಂಡಿದ್ದರೆ ಹಾಗೆ ನಿಲ್ಲಿಸುವುದು ಅಷ್ಟು ಸುಲಭ ಆಗುತ್ತಿರಲಿಲ್ಲ.