ರಾತ್ರಿ ಪಾಳಿಗೆ ಎರಡು ತಾರೀಖು

ಸಂಬಳದ ಲೆಕ್ಕ ಮಾಡಿಕೊಡುವ ಕೆಲಸದಲ್ಲಿರುವ ನನಗೆ ತಿಂಗಳ ಕೊನೆಯ ವಾರದಲ್ಲಿ ಬರುವ ಕರೆಗಳ ಪೈಕಿ ಒಂದಂತೂ ತಪ್ಪುವುದಿಲ್ಲ: ‘ಹಾಜರಿ ಹಾಳೆಯಲ್ಲಿ ರಾತ್ರಿ ಪಾಳಿಯವರ ಎದುರಿಗೆಲ್ಲ ಬರೀ ಹ್ಯಾಷ್ ಗುರುತುಗಳೇ ಬರುತ್ತಿವೆ, ಕಾಲಂ ಎಷ್ಟು ಅಗಲ ಮಾಡಿದರೂ ಹೋಗುತ್ತಿಲ್ಲ.’ ಹೋಗುವುದೂ ಇಲ್ಲ. ಅಲ್ಲಿ ಜಾಗ ಸಾಲದೆ ಬಂದ ತೊಂದರೆಯಲ್ಲ ಅದು. ಹೋದ ಹೊತ್ತಿನಿಂದ ಬಂದ ಹೊತ್ತನ್ನು ಕಳೆದಾಗ ಉತ್ತರ ಸೊನ್ನೆಗಿಂತ ಕೆಳಗಿಳಿದಿದೆ, ಮತ್ತು ಎಕ್ಸೆಲ್ ತನ್ನ ಎಂದಿನ ವ್ಯವಸ್ಥೆಯಲ್ಲಿ ಋಣ ಸಂಖ್ಯೆಯನ್ನು ಸಮಯದ ರೂಪದಲ್ಲಿ ತೋರಿಸುವುದಿಲ್ಲ.

ಎಕ್ಸೆಲ್‌ನ ಲೆಕ್ಕದಲ್ಲಿ ಒಂದು ಇಡೀ ದಿನವೆಂದರೆ 1. ಗಡಿಯಾರದ ಹೊತ್ತೆಲ್ಲ ಆ ಒಂದರ ಭಾಗ. ರಾತ್ರಿ 10 ಗಂಟೆ ಎಂದು ನಾವು ಬರೆದದ್ದು ಒಳಗೆ ಸುಮಾರು 0.9167 ಆಗಿ ಕೂತಿರುತ್ತದೆ, ಬೆಳಗಿನ 6 ಗಂಟೆ 0.25 ಆಗಿರುತ್ತದೆ. ಕಾಲಿನಿಂದ ಮುಕ್ಕಾಲಿಗೂ ಮೀರಿದ್ದನ್ನು ಕಳೆಯಿರಿ ಎಂದರೆ ಉತ್ತರ ಋಣವಾಗದೆ ಇನ್ನೇನಾಗಬೇಕು? ಆ ಆರು ಗಂಟೆ ಮರುದಿನದ್ದು ಎಂಬುದು ನಿಮಗೆ ಗೊತ್ತು, ನಿದ್ದೆಗೆಟ್ಟು ಪಾಳಿ ಮುಗಿಸಿದವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಹಾಳೆಗೆ ಮಾತ್ರ ಅದನ್ನು ಯಾರೂ ಹೇಳಿಲ್ಲ. ಈ ಒಂದು ಮಾತನ್ನು ಒಬ್ಬರಿಗೇ ಮೂರು ಮೂರು ಸಲ ಬಿಡಿಸಿ ಹೇಳಿದ ಮೇಲೂ ‘ಹಾಗಾದರೆ ಯಾವ ಫಾರ್ಮುಲಾ ಹಾಕಲಿ?’ ಎಂಬ ಪ್ರಶ್ನೆಯೇ ಮರಳಿ ಬರುವುದನ್ನು ಕಂಡು ಬೇಸತ್ತಿದ್ದೇನೆ.

ಬೇಸರಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸುವುದು ಆ ಹ್ಯಾಷ್ ಗುರುತುಗಳನ್ನು ಅಳಿಸಲು ಜನ ಹುಡುಕಿಕೊಳ್ಳುವ ಅಡ್ಡದಾರಿ. ಎಬಿಎಸ್ ಎಂಬ ಫಂಕ್ಷನ್ ಋಣ ಚಿಹ್ನೆಯನ್ನು ತೆಗೆದುಹಾಕುತ್ತದೆ, ಅಷ್ಟೇ. ಅದನ್ನು ಹಾಕಿದೊಡನೆ ಗುರುತುಗಳು ಮಾಯವಾಗಿ ಅಚ್ಚುಕಟ್ಟಾದ ಗಂಟೆಗಳು ಕಾಣಿಸಿಕೊಳ್ಳುತ್ತವೆ. ಹತ್ತರಿಂದ ಆರರ ಪಾಳಿಗೆ ಎಂಟಲ್ಲ, ಹದಿನಾರು ಗಂಟೆ. ಇಷ್ಟು ದೊಡ್ಡ ತಪ್ಪಾದರೆ ಯಾರ ಕಣ್ಣಿಗಾದರೂ ಬಿದ್ದೀತು. ನಾನು ಕಂಡ ಒಂದು ಹಾಳೆಯಲ್ಲಿ ಅದು ಬಹಳ ದಿನ ಬೀಳಲೇ ಇಲ್ಲ, ಏಕೆಂದರೆ ಅಲ್ಲಿನ ಪಾಳಿ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ. ಇಪ್ಪತ್ತರಿಂದ ಎಂಟು ಕಳೆದರೂ ಹನ್ನೆರಡು, ನಿಜವಾದ ದುಡಿಮೆಯೂ ಹನ್ನೆರಡು. ಪರೀಕ್ಷಿಸಿ ನೋಡಿದವರಿಗೆ ಉತ್ತರ ಸರಿಯಾಗಿಯೇ ಬಂದಿತ್ತು, ಪಾಪ.

ಆದರೆ ಎಬಿಎಸ್ ಕೊಡುವುದು ದುಡಿದ ಅವಧಿಯನ್ನಲ್ಲ, ಇಪ್ಪತ್ನಾಲ್ಕರಲ್ಲಿ ಉಳಿದ ಅವಧಿಯನ್ನು. ಹಾಗಾಗಿ ಬದಲಿ ವ್ಯಕ್ತಿ ತಡವಾಗಿ ಬಂದನೆಂದು ಎಂಟೂವರೆಯ ತನಕ ನಿಂತವರಿಗೆ ಆ ಹಾಳೆ ಹನ್ನೊಂದೂವರೆ ಗಂಟೆ ಬರೆಯುತ್ತಿತ್ತು. ಏಳೂವರೆಗೇ ಹೊರಟವರಿಗೆ ಹನ್ನೆರಡೂವರೆ ಗಂಟೆ ಬರೆಯುತ್ತಿತ್ತು. ಅರ್ಧ ಗಂಟೆ ಹೆಚ್ಚು ದುಡಿದವರಿಗೆ ಅರ್ಧ ಗಂಟೆಯ ದಂಡ, ಬೇಗ ಹೋದವರಿಗೆ ಬಹುಮಾನ. ಒಟ್ಟು ಮೊತ್ತದಲ್ಲಿ ಎರಡೂ ಹೆಚ್ಚುಕಡಿಮೆ ಸರಿದೂಗಿದ್ದರಿಂದ ಕಚೇರಿಗೆ ಅನುಮಾನವೇ ಬರಲಿಲ್ಲ. ಕೊನೆಗೆ ಅದನ್ನು ಹಿಡಿದವರು, ತಾವು ನಿಂತ ಹೊತ್ತನ್ನೆಲ್ಲ ಪುಟ್ಟ ಡೈರಿಯೊಂದರಲ್ಲಿ ಬರೆದಿಟ್ಟುಕೊಂಡಿದ್ದ ಒಬ್ಬ ಕಾವಲುಗಾರರು. ಆ ಡೈರಿಯನ್ನು ಹಾಳೆಯ ಪಕ್ಕದಲ್ಲಿಟ್ಟು ನೋಡಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ.

ತಾರೀಖಿಲ್ಲದ ಹಳೆಯ ಹಾಳೆಯನ್ನೇ ಉಳಿಸಿಕೊಳ್ಳಬೇಕೆಂದಿದ್ದರೆ ಮಾಡ್ (MOD) ಎಂಬ ಫಂಕ್ಷನ್ ಬಳಸಬಹುದು: ಮುಗಿದ ಹೊತ್ತಿನಿಂದ ಆರಂಭದ ಹೊತ್ತನ್ನು ಕಳೆದು, ಬಂದದ್ದನ್ನು 1ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಅದು ಕೊಡುತ್ತದೆ. ಭಾಜಕ ಧನವಾಗಿದ್ದರೆ ಎಕ್ಸೆಲ್‌ನಲ್ಲಿ ಶೇಷ ಎಂದೂ ಋಣವಾಗುವುದಿಲ್ಲವಾದ್ದರಿಂದ, ಹತ್ತರಿಂದ ಆರಕ್ಕೆ ಸುಮಾರು 0.3333, ಅಂದರೆ ಎಂಟು ಗಂಟೆಯೇ ಬರುತ್ತದೆ. ಹಗಲು ಪಾಳಿಯ ಲೆಕ್ಕವೂ ಕೆಡುವುದಿಲ್ಲ. ಆದರೂ ಇದನ್ನು ನಾನು ಅರೆಮನಸ್ಸಿನಿಂದಲೇ ಹೇಳುತ್ತೇನೆ, ಏಕೆಂದರೆ ಮಾಡ್ ಊಹಿಸುತ್ತದೆ. ಸರಿಯಾಗಿ ಇಪ್ಪತ್ನಾಲ್ಕು ಗಂಟೆ ಕೆಲಸ ಮಾಡಿದವರಿಗೆ ಅದು ಸೊನ್ನೆ ಕೊಡುತ್ತದೆ, ಇಪ್ಪತ್ತಾರು ಗಂಟೆ ನಿಂತವರಿಗೆ ಎರಡು ಕೊಡುತ್ತದೆ; ಬಂದ ಹೊತ್ತನ್ನೂ ಹೋದ ಹೊತ್ತನ್ನೂ ಯಾರಾದರೂ ಅದಲುಬದಲಾಗಿ ಬರೆದಿದ್ದರೆ ತಕರಾರೇ ಇಲ್ಲದೆ ಅದನ್ನೊಂದು ರಾತ್ರಿ ಪಾಳಿಯಾಗಿ ಮಾಡಿಬಿಡುತ್ತದೆ. ಇನ್ನು ಕೆಲವರು ಸೆಟ್ಟಿಂಗ್‌ಗೆ ಹೋಗಿ 1904ರ ತಾರೀಖು ವ್ಯವಸ್ಥೆಯನ್ನು, ಅಂದರೆ ದಿನಗಳನ್ನು 1904ರಿಂದ ಎಣಿಸುವ ಕ್ರಮವನ್ನು, ಆರಿಸಿಕೊಳ್ಳುತ್ತಾರೆ. ಋಣ ಸಮಯ ಆಗ ಕಾಣುತ್ತದೆ, ನಿಜ. ಹಾಳೆಯಲ್ಲಿ ಈಗಾಗಲೇ ಇರುವ ತಾರೀಖುಗಳೆಲ್ಲ 1,462 ದಿನ ಮುಂದಕ್ಕೆ ಜಿಗಿಯುತ್ತವೆ ಎಂಬುದೂ ಅಷ್ಟೇ ನಿಜ. ದಯವಿಟ್ಟು ಅದನ್ನು ಮುಟ್ಟಬೇಡಿ.

ಸರಿಯಾದ ದಾರಿ ಎಂದು ನಾನು ಧೈರ್ಯವಾಗಿ ಹೇಳುವುದು ಒಂದನ್ನೇ: ಬಂದದ್ದಕ್ಕೂ ಹೋದದ್ದಕ್ಕೂ ಹೊತ್ತಿನ ಜೊತೆಗೆ ತಾರೀಖನ್ನೂ ಅದೇ ಸೆಲ್‌ನಲ್ಲಿ ಬರೆಯಿರಿ. ಆಮೇಲೆ ಬೇಕಾದದ್ದು ಬರಿಯ ಕಳೆಯುವ ಲೆಕ್ಕ. ಅಕಸ್ಮಾತ್ ಹ್ಯಾಷ್ ಗುರುತುಗಳು ಬಂದವೆಂದರೆ ಬರೆದದ್ದರಲ್ಲೇ ತಪ್ಪಿದೆ ಎಂದರ್ಥ, ಆಗ ಅವು ಉಪಕಾರವನ್ನೇ ಮಾಡುತ್ತವೆ. ಮೊತ್ತ ಇಪ್ಪತ್ನಾಲ್ಕು ಗಂಟೆ ದಾಟಿದರೂ ಕಾಣುವಂತೆ ಫಾರ್ಮ್ಯಾಟ್‌ನಲ್ಲಿ ಗಂಟೆಯ ಅಕ್ಷರವನ್ನು [h] ಎಂದು ಚೌಕ ಆವರಣದೊಳಗೆ ಹಾಕಬೇಕು. ಗಂಟೆಯ ದರದಿಂದ ಗುಣಿಸುವ ಮುನ್ನ ಉತ್ತರವನ್ನು 24ರಿಂದ ಗುಣಿಸಬೇಕು. ಇವೆರಡೂ ಹೆಚ್ಚಿನವರಿಗೆ ಗೊತ್ತಿರುವ ಸಂಗತಿಗಳೇ. ನಡುರಾತ್ರಿ ದಾಟಿದ ಗಂಟೆಗಳನ್ನು ಯಾವ ದಿನದ ಖಾತೆಗೆ ಹಾಕಬೇಕು, ಮುಂದಿನ ದಿನ ರಜೆಯಾಗಿದ್ದರೆ ಯಾವ ದರ ಎಂಬುದನ್ನು ನಿಮಗೆ ಅನ್ವಯಿಸುವ ನಿಯಮ ಮತ್ತು ಒಪ್ಪಂದ ಹೇಳಬೇಕು. ಅದನ್ನು ಫಾರ್ಮುಲಾದಿಂದ ತೀರ್ಮಾನಿಸಲು ಹೋಗಬೇಡಿ.

‘ಪ್ರತಿ ಸಾಲಿನಲ್ಲೂ ಎರಡೆರಡು ಸಲ ತಾರೀಖು ಟೈಪ್ ಮಾಡುತ್ತ ಕೂರಬೇಕೇ?’ ಎಂದು ಹಾಜರಿ ಬರೆಯುವವರು ಕೇಳುವುದು ಸಹಜ. ಆಗಿನ ಹೊತ್ತನ್ನೇ ದಾಖಲಿಸುವುದಿದ್ದರೆ ಟೈಪ್ ಮಾಡುವ ಅಗತ್ಯವಿಲ್ಲ: ಕಂಟ್ರೋಲ್ ಜೊತೆ ಅರ್ಧವಿರಾಮದ ಕೀಲಿ ಒತ್ತಿದರೆ ತಾರೀಖು ಬರುತ್ತದೆ, ಒಂದು ಸ್ಪೇಸ್ ಬಿಟ್ಟು ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಅದೇ ಕೀಲಿಯನ್ನು ಒತ್ತಿದರೆ ಹೊತ್ತು ಬರುತ್ತದೆ, ಎರಡೂ ಒಂದೇ ಸೆಲ್‌ನಲ್ಲಿ ಕೂರುತ್ತವೆ.