ಹಳೇ ಅಮೆರಿಕನ್ ಕಾರಿನ ಒರಿಜಿನಲ್ ಪಾರ್ಟು: ಗುಜರಿ ಮಾಲಿಗೆ ಬಂಗಾರದ ರೇಟು ಬಂದಿದ್ದು ಹೆಂಗೆ?

ನ್ಯೂಜೆರ್ಸಿಲಿರೋ ನನ್ನ ಗೆಳೆಯನ ಹತ್ರ 1965ರ ಫೋರ್ಡ್ ಮಸ್ಟಾಂಗ್ ಕಾರಿದೆ. ಎರಡು ವರ್ಷದ ಹಿಂದೆ ಅದರ ಹಿಂದಿನ ಲೈಟಿನ ಕೆಂಪು ಲೆನ್ಸ್ ಒಡೆದೋಯ್ತು. ಹೊಸದು ಹತ್ತಿಪ್ಪತ್ತು ಡಾಲರಿಗೆ ಸಿಗುತ್ತೆ, ಆದ್ರೆ ಇವನಿಗೆ ಒರಿಜಿನಲ್ಲೇ ಬೇಕು ಅಂತ ಹಠ. ಆನ್‌ಲೈನಲ್ಲಿ ಹುಡುಕಿ ಹುಡುಕಿ ‘ಎನ್‌ಒಎಸ್, ಫ್ಯಾಕ್ಟರಿ ಡಬ್ಬಿ ಸಮೇತ’ (ಅಂದ್ರೆ ಆ ಕಾಲದ್ದೇ, ಬಳಸದ ಮಾಲು) ಅಂತ ಬರೆದಿದ್ದ ಒಂದನ್ನ ನಾಕು ಪಟ್ಟು ದುಡ್ಡು ಕೊಟ್ಟು ತರಿಸಿದ. ಡಬ್ಬಿ ಹಳೇದೇ, ಮೂಲೆ ಹರಿದಿತ್ತು, ಧೂಳಿನ ವಾಸನೆ ಕೂಡ ಬರ್ತಿತ್ತು. ಒಳಗಿದ್ದ ಲೆನ್ಸ್ ಮಾತ್ರ ನಿನ್ನೆ ಮೊನ್ನೆ ಮೋಲ್ಡಿಂದ ಇಳಿದಿದ್ದು. ಅದರ ಮೇಲೆ ಫೋಮೊಕೊ ಅನ್ನೋ ಫೋರ್ಡಿನ ಹಳೇ ಗುರುತೂ ಇತ್ತು, ಯಾಕಂದ್ರೆ ಫೋರ್ಡಿಂದ ಲೈಸೆನ್ಸ್ ತಗೊಂಡು ಮಾಡೋ ನಕಲಿನಲ್ಲೂ ಆ ಗುರುತು ಇರಬಹುದು. ಮಾರಿದವನು ಸುಳ್ಳು ಹೇಳಿದ್ದು ಲೆನ್ಸ್ ವಿಷಯದಲ್ಲಿ, ಡಬ್ಬಿ ಮಾತ್ರ ಪಕ್ಕಾ ಒರಿಜಿನಲ್! ನಾನು ಮೊದಲು ನಕ್ಕೆ, ಆಮೇಲೆ ಈ ಧಂದೆ ಶುರುವಾಗಿದ್ದು ಎಲ್ಲಿಂದ ಅಂತ ಕೆದಕ್ತಾ ಹೋದೆ.

ಮೊದಲು ಭಾಷೆ ತಿಳ್ಕೊಳ್ಳಿ. ಎನ್‌ಒಎಸ್ ಅಂದ್ರೆ ‘ನ್ಯೂ ಓಲ್ಡ್ ಸ್ಟಾಕ್’, ಆ ಕಾಲದಲ್ಲೇ ಕಾರ್ ಕಂಪನಿಗೋಸ್ಕರ ತಯಾರಾಗಿ, ಯಾವ ಗಾಡಿಗೂ ಕೂರದೆ ಡಬ್ಬಿಯಲ್ಲೇ ಉಳಿದ ಮಾಲು. ಎನ್‌ಒಆರ್‌ಎಸ್ ಅಂದ್ರೆ ಅದೇ ಕಾಲದ್ದು, ಆದ್ರೆ ಬೇರೆ ಕಂಪನಿ ಮಾಡಿದ ಬದಲಿ ಪಾರ್ಟು. ರೀಪ್ರೊ ಅಂದ್ರೆ ಈಗ ಹೊಸದಾಗಿ ಮಾಡ್ತಿರೋ ನಕಲು. ಇನ್ನು ಗಾಡಿಯಿಂದ ಬಿಚ್ಚಿದ ಹಳೇ ಮಾಲು. ರೇಟು ನಿಲ್ಲೋದು ಪೂರಾ ಇದರ ಮೇಲೆ.

ತಮಾಷೆ ಏನಂದ್ರೆ ಬಿಡಿಭಾಗ ಅನ್ನೋ ಐಡಿಯಾನೇ ‘ಯಾವುದಾದ್ರೂ ಒಂದೇ’ ಅನ್ನೋದ್ರ ಮೇಲೆ ನಿಂತಿದ್ದು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನ ಪೂರ್ತಿ ಬಿಚ್ಚಿ, ಪಾರ್ಟುಗಳನ್ನೆಲ್ಲ ಒಂದೇ ರಾಶಿ ಮಾಡಿ ಕಲಸಿ, ಅದರಲ್ಲಿ 89 ಪಾರ್ಟು ತೆಗೆದು ಡೀಲರ್ ಸ್ಟಾಕಿನಿಂದ ಬೇರೆ ಹಾಕಿ, ಅರ ಗಿರ ಉಜ್ಜದೆ ಬರೀ ಸ್ಪ್ಯಾನರ್, ಸ್ಕ್ರೂಡ್ರೈವರಲ್ಲಿ ಮತ್ತೆ ಮೂರು ಕಾರು ಕಟ್ಟಿದ್ರು. ಮೂರೂ 500 ಮೈಲಿ ಓಡಿದ್ವು, ಕ್ಯಾಡಿಲಾಕಿಗೆ ಡ್ಯೂವರ್ ಟ್ರೋಫಿ ಬಂತು. ಅಲ್ಲೀವರೆಗೆ ಒಂದು ಕಾರಿನ ಪಾರ್ಟು ಇನ್ನೊಂದಕ್ಕೆ ಕೂರಿಸ್ಬೇಕಂದ್ರೆ ಮೇಸ್ತ್ರಿ ಕೂತು ಅರ ಹಾಕಿ ಹೊಂದಿಸ್ಬೇಕಿತ್ತು. ಆವತ್ತು ಬಹುಮಾನ ಸಿಕ್ಕಿದ್ದು ಯಾವ ಪಾರ್ಟಿಗೂ ಸ್ವಂತ ಜಾತಕ ಇಲ್ಲ ಅನ್ನೋದಕ್ಕೆ, ಇವತ್ತು ದುಡ್ಡು ಸಿಗೋದು ಜಾತಕ ಇದ್ರೆ ಮಾತ್ರ.

ಫೋರ್ಡ್ ಮಾಡೆಲ್ ಟಿ 1927ರ ಹೊತ್ತಿಗೆ ಒಂದೂವರೆ ಕೋಟಿ ತಯಾರಾಗಿತ್ತು. ಅದರ ಪಾರ್ಟು ಊರೂರಲ್ಲಿ ಸಿಗ್ತಿತ್ತು, ಅಂಚೆ ಕ್ಯಾಟಲಾಗಲ್ಲೂ ಬರ್ತಿತ್ತು, ಷಿಕಾಗೋದ ಜೆ.ಸಿ. ವಿಟ್ನಿ ಕಂಪನಿ 1915ರಲ್ಲಿ ಹಳೇ ಗಾಡಿ ಸಾಮಾನಿನ ವ್ಯಾಪಾರದಿಂದ್ಲೇ ಶುರುವಾಗಿದ್ದು. ಕೂತ್ಕೊಂಡ್ರೆ ಆಯ್ತು, ಒರಿಜಿನಲ್ಲಾ ಅಲ್ವಾ ಅಂತ ಕೇಳೋರು ಯಾರಿರಲಿಲ್ಲ. ಗುಜರಿಯವರಿಗೆ ಬೇಕಿದ್ದಿದ್ದು ಯಾವ ಕಾರಿಂದು ಯಾವುದಕ್ಕೆ ಕೂರುತ್ತೆ ಅನ್ನೋ ಲೆಕ್ಕ, ಅದಕ್ಕಂತಲೇ 1934ರಲ್ಲಿ ಹಾಲಂಡರ್ ಇಂಟರ್‌ಚೇಂಜ್ ಮ್ಯಾನ್ಯುಯಲ್ ಬಂತು. ಅದರದ್ದೇ ಮುಂದುವರಿಕೆ ಇವತ್ತಿಗೂ ಅಮೆರಿಕದ ಗುಜರಿ ಯಾರ್ಡುಗಳ ಕಂಪ್ಯೂಟರಲ್ಲಿ ಓಡ್ತಿದೆ.

ಆಮೇಲೆ ಯುದ್ಧ. 1942ರ ಫೆಬ್ರವರಿಯಲ್ಲಿ ಜನರಿಗೋಸ್ಕರ ಕಾರು ಮಾಡೋದೇ ನಿಂತೋಯ್ತು, ಮತ್ತೆ ಶುರುವಾಗಿದ್ದು 1945ಕ್ಕೆ. ಮಧ್ಯದಲ್ಲಿ ಸ್ಕ್ರ್ಯಾಪ್ ಡ್ರೈವ್ ಅಂತ ಊರೂರಲ್ಲಿ ಕಬ್ಬಿಣ, ಹಿತ್ತಾಳೆ ಒಟ್ಟು ಮಾಡಿದ್ರು, ಕೊಟ್ಟಿಗೆಯಲ್ಲಿ ನಿಂತಿದ್ದ ಹಳೇ ಕಾರು, ಹಿತ್ತಾಳೆ ದೀಪ, ಹಾರ್ನು ಎಲ್ಲಾ ಕರಗಿ ಟ್ಯಾಂಕು, ಗುಂಡು ಆಯ್ತು. ಎಷ್ಟು ಹೋಯ್ತೋ ಯಾರು ಎಣಿಸಿದ್ದಾರೆ. ಹಳೇ ಕಾರಿನ ಹುಚ್ಚರ ಸಂಘ ಎಎಸಿಎ 1935ರಲ್ಲೇ ಫಿಲಡೆಲ್ಫಿಯಾದಲ್ಲಿ ಹುಟ್ಟಿತ್ತು, ಆದ್ರೆ ಇಲ್ಲದೇ ಹೋದ ಮೇಲಲ್ವಾ ಬೆಲೆ ಗೊತ್ತಾಗೋದು, ಯುದ್ಧ ಮುಗಿದ್ಮೇಲೆ ಹುಡುಕಾಟ ಜೋರಾಯ್ತು.

1954ರಲ್ಲಿ ಇಲಿನಾಯ್‌ನ ಕ್ವಿನ್ಸಿ ಅನ್ನೋ ಊರಲ್ಲಿ ಅರ್ನೆಸ್ಟ್ ಹೆಮಿಂಗ್ಸ್ ಅನ್ನೋರು ಬರೀ ಕೊಳ್ಳೋ ಮಾರೋ ಜಾಹೀರಾತಿಗೆ ಅಂತ ‘ಹೆಮಿಂಗ್ಸ್ ಮೋಟಾರ್ ನ್ಯೂಸ್’ ಶುರು ಮಾಡಿದ್ರು. ಮರುವರ್ಷ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ, ಹೌದು ಅದೇ ಚಾಕೊಲೇಟಿನ ಹರ್ಷಿ, ಎಎಸಿಎ ಅಕ್ಟೋಬರ್ ಜಾತ್ರೆ ಶುರುವಾಯ್ತು. ಜಾತ್ರೆ ಅಂತಲೇ ಅನ್ಬೇಕು, ಈಗ ಅಲ್ಲಿ ಸಾವಿರಾರು ಅಂಗಡಿ. ಸ್ಟಾಲು ಹಾಕೋ ಮೈದಾನಗಳಿಗೆ ಚಾಕೊಲೇಟ್ ಫೀಲ್ಡ್, ರೆಡ್ ಫೀಲ್ಡ್ ಅಂತ ಹೆಸರು. ಹಿಂದೆ ಮಳೆ ಬಂದ್ರೆ ಮೊಣಕಾಲುದ್ದ ಕೆಸರು, ಗಮ್‌ಬೂಟ್ ಹಾಕ್ಕೊಂಡು ಹುಡುಕ್ತಿದ್ರು, ಈಗ ಟಾರು ಹಾಕಿದ್ದಾರೆ. ಗೆಳೆಯನ ಜೊತೆ ಒಂದ್ಸಲ ನಾನೂ ಹೋಗಿದ್ದೆ. ಒಬ್ಬ ಅಜ್ಜ ಟಾರ್ಪಾಲು ಹಾಸಿ ತುಕ್ಕು ಹಿಡಿದ ಹೆಡ್‌ಲೈಟ್ ರಿಂಗುಗಳನ್ನ ಸಾಲಾಗಿ ಜೋಡಿಸಿದ್ದ, ಒಂದಕ್ಕೂ ಚೀಟಿ ಇಲ್ಲ, ಕೇಳಿದ್ರೆ ವರ್ಷ, ಮಾಡೆಲ್ಲು, ಎಡದ್ದಾ ಬಲದ್ದಾ ಎಲ್ಲಾ ಬಾಯಲ್ಲೇ ಹೇಳ್ತಿದ್ದ. ನಮ್ಮ ಸಂತೆಯಲ್ಲಿ ಬಿತ್ತನೆ ಬೀಜ ಮಾರೋ ಅಜ್ಜಂದಿರು ನೆನಪಾದ್ರು ನಂಗೆ. ಹರ್ಷಿಯವರಿಗೆ ಯುದ್ಧಕ್ಕೆ ಮುಂಚಿನ ಕಾರಿನ ಮೇಲೆ ಪ್ರೀತಿ ಜಾಸ್ತಿ, ಹಂಗಾಗಿ 1974ರಲ್ಲಿ ಅಲ್ಲೇ ಹತ್ರದ ಕಾರ್ಲೈಲ್‌ನಲ್ಲಿ ಬಿಲ್ ಮಿಲ್ಲರ್, ಚಿಪ್ ಮಿಲ್ಲರ್ ಅನ್ನೋ ಇಬ್ಬರು (ಇಬ್ಬರೂ ಮಿಲ್ಲರ್ರೇ, ಸಂಬಂಧಿಕರಲ್ಲ) ಯುದ್ಧದ ನಂತರದ ಕಾರಿಗೆ ಬೇರೆ ಮೇಳ ಮಾಡಿದ್ರು.

ಈ ಮಾಲೆಲ್ಲ ಬರ್ತಿದ್ದಿದ್ದು ಎಲ್ಲಿಂದ? ಬಹುತೇಕ ಡೀಲರುಗಳ ಅಟ್ಟದಿಂದ. 50, 60ರ ದಶಕದಲ್ಲಿ ಡೆಟ್ರಾಯ್ಟಿನ ಕಾರ್ ಕಂಪನಿಗಳು ಪ್ರತಿ ವರ್ಷ ಗ್ರಿಲ್ಲು, ಬಂಪರು, ಲೈಟು ಬದಲಾಯಿಸ್ತಿದ್ವು, ಅಂದ್ರೆ ಪ್ರತಿ ವರ್ಷ ಹಿಂದಿನ ವರ್ಷದ ಸಾಮಾನು ಅಂಗಡಿಯಲ್ಲಿ ಸತ್ತ ಸ್ಟಾಕ್ ಆಗಿ ಕೂರೋದು. ಕೆಲವರು ತೂಕಕ್ಕೆ ಹಾಕಿದ್ರು, ಕೆಲವರು ಸೋಮಾರಿತನಕ್ಕೆ ಹಂಗೇ ಬಿಟ್ರು, ಇವತ್ತಿನ ಎನ್‌ಒಎಸ್ ಅನ್ನೋದರ ಅರ್ಧಕ್ಕರ್ಧ ಆ ಸೋಮಾರಿಗಳ ಕೃಪೆ ಅಂತ ನನ್ನ ನಂಬಿಕೆ. ಸ್ಟುಡಿಬೇಕರ್ 1963ರ ಡಿಸೆಂಬರಲ್ಲಿ ಇಂಡಿಯಾನಾದ ಸೌತ್ ಬೆಂಡ್ ಫ್ಯಾಕ್ಟರಿ ಮುಚ್ಚಿತು, 1966ರಲ್ಲಿ ಕೆನಡಾದ್ದೂ ಮುಚ್ಚಿತು, ಆದ್ರೆ ಗೋಡೌನಲ್ಲಿ ಪಾರ್ಟು ಬೆಟ್ಟದಷ್ಟು ಉಳಿದಿದ್ರಿಂದ ಸತ್ತ ಕಂಪನಿಯ ಕಾರಿಗೆ ಪಾರ್ಟು ಸಿಗೋದು ಎಷ್ಟೋ ಸಲ ಬದುಕಿರೋ ಕಂಪನಿಯ ಕಾರಿಗಿಂತ ಸುಲಭ ಆಯ್ತು.

ತೆರಿಗೆ ಕೂಡ ಕೈಯಾಡಿಸಿದೆ. 1979ರಲ್ಲಿ ಥಾರ್ ಪವರ್ ಟೂಲ್ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಾರಾಟ ಆಗದ ಬಿಡಿಭಾಗಗಳನ್ನ ಗೋಡೌನಲ್ಲೂ ಇಟ್ಕೊಂಡು ಪುಸ್ತಕದಲ್ಲಿ ಮಾತ್ರ ನಷ್ಟ ತೋರ್ಸೋ ಹಂಗಿಲ್ಲ ಅಂತು. ನಷ್ಟ ಬೇಕಾ, ನಿಜವಾಗ್ಲೂ ಎಸೀರಿ ಇಲ್ಲಾ ಕಮ್ಮಿ ರೇಟಿಗೆ ಮಾರಾಟಕ್ಕಿಡಿ. ಅದು ಡ್ರಿಲ್ಲಿಂಗ್ ಮಷೀನ್ ಮಾಡೋ ಕಂಪನಿಯ ಕೇಸು, ಆದ್ರೆ ಹಳೇ ಸ್ಟಾಕ್ ಇಟ್ಕೊಂಡು ಕೂತವರಿಗೆಲ್ಲ ಲೆಕ್ಕ ಒಂದೇ.

ಈಗ ಅಸಲಿ ವಿದ್ಯೆಗೆ ಬನ್ನಿ, ನಂಬರ್ ಓದೋದು. ನನ್ನ ಗೆಳೆಯನ ಲೆನ್ಸ್ ಡಬ್ಬಿ ಮೇಲೆ ಸಿ5ಝಡ್‌ಝಡ್-13450 ಅಂತಿತ್ತು. ಮೊದಲ ಸಿ ಅಂದ್ರೆ 1960ರ ದಶಕ (ಬಿ ಇದ್ರೆ ಐವತ್ತರದ್ದು, ಡಿ ಇದ್ರೆ ಎಪ್ಪತ್ತರದ್ದು), 5 ಅಂದ್ರೆ 65, ಮುಂದಿನ ಝಡ್ ಮಸ್ಟಾಂಗ್, ಕೊನೇ ಝಡ್ ಅಂದ್ರೆ ಇದು ಸರ್ವೀಸಿಗೆ ಅಂತ ಕೌಂಟರಲ್ಲಿ ಮಾರೋ ಫೋರ್ಡ್ ಪಾರ್ಟು. 13450 ಹಿಂದಿನ ಲೈಟಿನ ಲೆನ್ಸು, ಅದೇ ಜಾಗದಲ್ಲಿ 8005 ಇದ್ರೆ ರೇಡಿಯೇಟರ್. ಒಂದ್ಸಲ ಈ ಕೀಲಿ ಸಿಕ್ಕಿದ್ರೆ ಜಾತ್ರೆಯ ರಾಶಿಯಲ್ಲಿ ಕೂತಿರೋ ಡಬ್ಬಿಗಳು ತಾವೇ ಮಾತಾಡ್ತವೆ. ಎರಕದ ತಾರೀಖೂ ಹಂಗೇ, ಫೋರ್ಡಿನ ಎರಕದ ಮೇಲೆ 5ಸಿ15 ಅಂತಿದ್ರೆ 1965 ಮಾರ್ಚ್ 15. ಫೋರ್ಡಿನವರು ತಿಂಗಳ ಲೆಕ್ಕದಲ್ಲಿ ಐ ಅಕ್ಷರ ಬಿಟ್ಟು ಎಂ ತನಕ ಹೋಗ್ತಾರೆ, ಶೆವ್ರೊಲೆಯವರು ಐ ಇಟ್ಕೊಂಡು ಎಲ್‌ಗೆ ನಿಲ್ತಾರೆ, ಇದು ಗೊತ್ತಿಲ್ದೇ ಸೆಪ್ಟೆಂಬರ್ ಆಚೆಯ ಪಾರ್ಟುಗಳಲ್ಲಿ ಒಂದು ತಿಂಗಳು ಎಡವಟ್ಟು ಮಾಡ್ಕೊಂಡವರು ಎಷ್ಟೋ ಜನ.

ಒಂದು ತಿಂಗಳಿಗೆ ಏನಪ್ಪಾ ಅಂತೀರಾ? ಕಾರು ಏಪ್ರಿಲಲ್ಲಿ ತಯಾರಾಗಿದ್ರೆ ಆಲ್ಟರ್ನೇಟರು ಜೂನಿಂದಾದ್ರೆ ಅದು ಹುಟ್ಟಿನಿಂದ ಇದ್ದಿದ್ದಲ್ಲ ಅಂತ ಅಲ್ಲೇ ಸಾಬೀತಾಯ್ತು. 1973ರಲ್ಲಿ ಶೆವ್ರೊಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ಗಳಿಗೆ ಬ್ಲೂಮಿಂಗ್ಟನ್ ಗೋಲ್ಡ್ ಅನ್ನೋ ಪ್ರದರ್ಶನ, 1974ರಲ್ಲಿ ಎನ್‌ಸಿಆರ್‌ಎಸ್ ಅನ್ನೋ ಕಾರ್ವೆಟ್ ಸಂಘ ಬಂದ್ಮೇಲೆ ಜಡ್ಜುಗಳು ಟಾರ್ಚ್ ಹಿಡ್ಕೊಂಡು ಬೋಲ್ಟಿನ ತಲೆ ಮೇಲಿನ ಗುರುತು ಕೂಡ ನೋಡೋಕೆ ಶುರು ಮಾಡಿದ್ರು. ಫ್ಯಾಕ್ಟರಿಯಿಂದ ಬಂದಾಗ ಹೆಂಗಿತ್ತೋ ಹಂಗೇ ಇರ್ಬೇಕು, ಪೇಂಟ್ ಸೋರಿದ್ರೂ ಸೋರಿದ ಹಂಗೇ! 1968ರ ಮಾಡೆಲಿಂದ ಅಮೆರಿಕದ ಬಹುತೇಕ ಕಾರುಗಳಲ್ಲಿ ಕಾರಿನ ನಂಬರಿನ ಒಂದು ಭಾಗ ಎಂಜಿನ್ ಮೇಲೂ ಹೊಡೀತಿದ್ರು, ಅಲ್ಲಿಂದ ‘ನಂಬರ್ಸ್ ಮ್ಯಾಚಿಂಗ್’ ಅನ್ನೋದು ಮಂತ್ರ ಆಯ್ತು. ನಾಕು ಸ್ಪೀಡ್ ಗೇರಿನ 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ ಕಾರು ಒಂದು 2014ರಲ್ಲಿ ಸಿಯಾಟಲ್ ಹರಾಜಲ್ಲಿ 35 ಲಕ್ಷ ಡಾಲರಿಗೆ ಹೋಯ್ತು. ಅಷ್ಟು ದುಡ್ಡಿರೋ ಕಡೆ ಕಳ್ಳರು ಬರ್ದೇ ಇರ್ತಾರಾ, ಎಂಜಿನ್ ಬ್ಲಾಕಿನ ಹಳೇ ನಂಬರ್ ಉಜ್ಜಿ ಹೊಸಾದು ಹೊಡೆಯೋದು ಒಂದು ಕಸುಬೇ ಆಗಿದೆ. ಹಿಡಿಯೋರು ನಂಬರ್ ಬಿಟ್ಟು ಅದರ ಹಿಂದಿನ ಲೋಹದ ಗೆರೆ ನೋಡ್ತಾರೆ, ಫ್ಯಾಕ್ಟರಿ ಮಷೀನು ಬಿಟ್ಟ ಸಣ್ಣ ಗೆರೆಗಳು ಮಾಯ ಆಗಿದ್ರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ರೀಪ್ರೊ ಬಂದಿದ್ದಕ್ಕೆ ಬೈಯ್ಯೋರು ಇದ್ದಾರೆ, ನಾನು ಬೈಯ್ಯಲ್ಲ. ಮಸ್ಟಾಂಗ್, ಕಮಾರೋಗಳ ಪೂರ್ತಿ ಬಾಡಿಯೇ ಈಗ ಹೊಸಾದು ಸಿಗುತ್ತೆ, ಇಲ್ಲಾಂದ್ರೆ ಮಧ್ಯಮ ವರ್ಗದವನು ಈ ಕಾರು ಇಟ್ಕೊಳ್ಳೋಕೇ ಆಗ್ತಿರಲಿಲ್ಲ. ಆದ್ರೆ ಒರಿಜಿನಲ್ ಬಾನೆಟ್ಟು ಕೂರೋ ಹಂಗೆ ನಕಲಿಂದು ಕೂರಲ್ಲ, ಸಂದು ಒಂದು ಕಡೆ ದೊಡ್ಡದು ಒಂದು ಕಡೆ ಚಿಕ್ಕದು, ಅದಕ್ಕೇ ಬೇಡಿಕೆ ಸಾಯ್ಲಿಲ್ಲ. ಇನ್ನು 1995ರಲ್ಲಿ ಇಬೇ ಅನ್ನೋ ಆನ್‌ಲೈನ್ ಹರಾಜಿನ ಸೈಟ್ ಬಂದು ಅಟ್ಟಗಳನ್ನೆಲ್ಲ ಖಾಲಿ ಮಾಡಿಸ್ತು. ಅಪರೂಪ ಅಂತ ನಂಬಿದ್ದ ಎಷ್ಟೋ ಪಾರ್ಟು ದೇಶದ ತುಂಬ ಬಿದ್ದಿದೆ ಅಂತ ಗೊತ್ತಾಗಿ ರೇಟು ಕುಸೀತು, ನಿಜವಾಗ್ಲೂ ಇಲ್ದೇ ಇರೋದರ ರೇಟು ಆಕಾಶಕ್ಕೆ ಹೋಯ್ತು.

ಗುಜರಿ ಯಾರ್ಡುಗಳ ಕಥೆ ಬೇರೆ. ಉತ್ತರದ ರಾಜ್ಯಗಳಲ್ಲಿ ಹಿಮಕ್ಕೆ ರಸ್ತೆ ಮೇಲೆ ಉಪ್ಪು ಸುರಿದು ಸುರಿದು ಕಾರು ಕೆಳಗಿಂದಲೇ ತಿಂದೋಗುತ್ತೆ, ಹಂಗಾಗಿ ಅರಿಜೋನಾ ಮರುಭೂಮಿಯ ಒಣ ಫೆಂಡರಿಗೆ ಡಿಮ್ಯಾಂಡು. 2008ರಲ್ಲಿ ಗುಜರಿ ಕಬ್ಬಿಣದ ರೇಟು ಏರಿದಾಗ ಎಷ್ಟೋ ಯಾರ್ಡಿನವರು ಸಾಲಿಗೆ ಸಾಲೇ ಕ್ರಷರಿಗೆ ಕೊಟ್ರು. ಜಾರ್ಜಿಯಾದ ವೈಟ್ ಅನ್ನೋ ಊರಲ್ಲಿ ಓಲ್ಡ್ ಕಾರ್ ಸಿಟಿ ಅಂತ ಇದೆ, ಕಾಡಿನೊಳಗೆ 4000ಕ್ಕೂ ಹೆಚ್ಚು ಕಾರು, ಕೆಲವದರ ಬಂಪರ್ ಮಧ್ಯದಿಂದ ಮರ ಬೆಳೆದು ಕಾರನ್ನೇ ಎತ್ತಿದೆ. ಆಮೇಲಾಮೇಲೆ ಅವರು ಪಾರ್ಟ್ ಮಾರೋದಕ್ಕಿಂತ ಟಿಕೆಟ್ ಮಾರೋಕೆ ಶುರು ಮಾಡಿದ್ರು, ಜನ ಕ್ಯಾಮರಾ ಹಿಡ್ಕೊಂಡು ಬರ್ತಿದ್ರು.

ನಮ್ಮಲ್ಲಿ? ಜನರಲ್ ಮೋಟಾರ್ಸ್ 1928ರಿಂದ ಬಾಂಬೆಯಲ್ಲಿ ಶೆವ್ರೊಲೆ ಜೋಡಿಸ್ತಿತ್ತು, ಕುರ್ಲಾದ ಪ್ರೀಮಿಯರ್‌ನವರು 1947ರಿಂದ ಡಾಜ್, ಪ್ಲಿಮತ್ ಮಾಡ್ತಿದ್ರು. ಐವತ್ತರ ದಶಕದಲ್ಲಿ ವಿದೇಶಿ ಕಂಪನಿಗಳು ಗಂಟು ಕಟ್ಟಿದ್ಮೇಲೆ ಪಾರ್ಟಿಗೆ ಬರ, ನಮ್ಮ ಮೇಸ್ತ್ರಿಗಳು ಡಾಜ್‌ಗೆ ಡೀಸೆಲ್ ಎಂಜಿನ್ ಕೂರಿಸಿ, ಬೇರೆ ಗಾಡಿಯ ಗೇರ್‌ಬಾಕ್ಸ್ ಹಾಕಿ ಓಡ್ಸಿದ್ರು. ಹರ್ಷಿ ಜಡ್ಜ್ ಕಂಡ್ರೆ ಮೂರ್ಛೆ ಹೋಗ್ತಾನೆ. ನಮ್ಮ ಬೆಂಗಳೂರಿನ ಜೆ.ಸಿ. ರೋಡಲ್ಲಿ, ಬಿಡಿಭಾಗದ ಅಂಗಡಿಗಳ ಮಧ್ಯೆ ಬೆಳೆದವನಿಗೆ ಅದೇ ಸರಿ ಅನ್ಸುತ್ತೆ, ಗಾಡಿ ಇರೋದು ಓಡೋಕೆ ಅಲ್ವಾ.

ಗೆಳೆಯ ಕೊನೆಗೆ ಕಾರ್ಲೈಲ್‌ನಲ್ಲಿ ಕೈಯಲ್ಲಿ ಹಿಡಿದು, ಬಿಸಿಲಿಗೆ ತೋರಿಸಿ, ಸಣ್ಣ ಗೀರು ಇರೋ ಹಳೇ ಲೆನ್ಸ್ ತಗೊಂಡ, ಡಬ್ಬಿ ಇಲ್ದೇ ಇದ್ದಿದ್ದಕ್ಕೆ ರೇಟು ಕಮ್ಮಿ ಮಾಡಿಸ್ದ. ಮೊದಲು ಮೋಸ ಹೋದಾಗ ಬಂದಿತ್ತಲ್ಲ ಆ ಹರಿದ ಡಬ್ಬಿ, ಅದನ್ನ ಎಸೆದಿಲ್ಲ. ಪಕ್ಕದ ಸ್ಟಾಲಿನವನು ಖಾಲಿ ಡಬ್ಬಿಗೆ ಹದಿನೈದು ಡಾಲರ್ ಕೊಡ್ತೀನಿ ಅಂದಿದ್ದಾನಂತೆ. ಯಾಕೆ ಅಂತ ಕೇಳಿದ್ರೆ ನಕ್ಕನಂತೆ ಅಷ್ಟೇ.