ತವರು ನೆಲ ಮತ್ತು ರೆಫರಿಯ ಕಿವಿ

2018ರ ಜೂನ್‌ನಲ್ಲಿ ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಗೇಲಿಕ್ ಫುಟ್‌ಬಾಲ್ (ಕೈಕಾಲು ಎರಡನ್ನೂ ಬಳಸಿ ಆಡುವ ಐರಿಷ್ ಆಟ) ತಂಡ ಹಟ ಹಿಡಿದು ಕೂತಿತು. ಚೀಟಿ ಎತ್ತಿದಾಗ ಮೊದಲು ಬಂದದ್ದು ತನ್ನ ಹೆಸರು. ಹಾಗಾಗಿ ಮೇಯೋ ಕೌಂಟಿಯ ವಿರುದ್ಧದ ಪಂದ್ಯ ತನ್ನೂರು ನ್ಯೂಬ್ರಿಜ್‌ನಲ್ಲೇ ನಡೆಯಬೇಕಿತ್ತು. ಅಲ್ಲಿ ಎಂಟು ಸಾವಿರ ಚಿಲ್ಲರೆ ಜನರಿಗಷ್ಟೇ ಜಾಗವೆಂದು ಸಂಘಟಕರು ಅದನ್ನು ಡಬ್ಲಿನ್‌ನ ಈ ಆಟದ ಮುಖ್ಯ ಕ್ರೀಡಾಂಗಣವಾದ ಕ್ರೋಕ್ ಪಾರ್ಕಿಗೆ ನಿಗದಿ ಮಾಡಿದರು. ಆಡಿದರೆ ನ್ಯೂಬ್ರಿಜ್‌ನಲ್ಲಿ, ಇಲ್ಲವಾದರೆ ಎಲ್ಲೂ ಇಲ್ಲ ಎಂದಿತು ಕಿಲ್ಡೇರ್. ಸಂಘಟಕರು ಮಣಿದರು. ಕಿಲ್ಡೇರ್ 21–19ರಿಂದ ಗೆದ್ದಿತು.

ಆ ಎರಡು ಅಂಕ ತವರಿನ ಉಡುಗೊರೆಯೇ? ಒಂದು ಪಂದ್ಯ ನೋಡಿ ಹೇಳಲಾಗದು. ಆದರೆ ತವರಿನ ತಂಡ ಹೆಚ್ಚು ಗೆಲ್ಲುವುದು ಬಹುತೇಕ ತಂಡ ಕ್ರೀಡೆಗಳಲ್ಲಿ ಕಂಡುಬಂದಿದೆ. ಪ್ರಯಾಣದ ದಣಿವೆಂಬ ಕಾರಣ ಐರ್ಲೆಂಡಿನಂಥ ಪುಟ್ಟ ದೇಶದಲ್ಲಿ ಅಷ್ಟಾಗಿ ನಿಲ್ಲದು. ಅಂಗಣದ ಪರಿಚಯಕ್ಕೆ ಸ್ವಲ್ಪ ತೂಕವಿದೆ: ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್ ಎಂದು ನಿಯಮವೇ ಸಡಿಲ ಬಿಟ್ಟಿದೆ. ಅಗಲ ಬದಲಾದರೆ ಅಂಚಿನಿಂದ ಒದೆಯುವವನಿಗೆ ಗೋಲುಗಂಬಗಳು ಕಾಣುವ ಕೋನವೂ ಬದಲಾಗುತ್ತದೆ.

ನನ್ನ ಅನುಮಾನವೆಲ್ಲ ರೆಫರಿಯ ಕಿವಿಯ ಮೇಲೆ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ 40 ರೆಫರಿಗಳಿಗೆ ಸಾಮಾನ್ಯ ಫುಟ್‌ಬಾಲ್ ಪಂದ್ಯವೊಂದರ ವಿಡಿಯೊ ತೋರಿಸಲಾಯಿತು. ಕೆಲವರಿಗೆ ಜನರ ಗದ್ದಲದೊಂದಿಗೆ, ಉಳಿದವರಿಗೆ ಮೌನವಾಗಿ. ಗದ್ದಲ ಕೇಳಿದವರು ತವರಿನ ತಂಡದ ಮೇಲೆ ಸುಮಾರು 15 ಪ್ರತಿಶತ ಕಡಿಮೆ ಫೌಲ್ ಹಾಕಿದರು. ಕೋವಿಡ್ ಕಾಲದಲ್ಲಿ ಯುರೋಪಿನ ಅಂಗಣಗಳು ಖಾಲಿಯಾದಾಗ, ಪರಸ್ಥಳದ ತಂಡಕ್ಕೆ ಹೆಚ್ಚಾಗಿ ಬೀಳುತ್ತಿದ್ದ ಹಳದಿ ಕಾರ್ಡುಗಳ ಅಂತರವೂ ಕುಗ್ಗಿತು.

ಗೇಲಿಕ್ ಫುಟ್‌ಬಾಲ್‌ನಲ್ಲಿ ರೆಫರಿಯ ವಿವೇಚನೆಗೆ ಬಿಟ್ಟದ್ದು ಇನ್ನೂ ಹೆಚ್ಚು. ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕೇ ಹೆಜ್ಜೆ ಹಾಕಬಹುದು. ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದಕ್ಕೆ ತಾಗಿಸಿ ಮರಳಿ ಹಿಡಿಯಬೇಕು. ಇಬ್ಬರು ಮೈಮೇಲೆ ಬಿದ್ದಿರುವಾಗ ಐದನೇ ಹೆಜ್ಜೆ ಬಿತ್ತೇ, ಮೊದಲು ತಳ್ಳಿದ್ದು ಯಾರು? ಉತ್ತರ ಯಾರ ಕಡೆ ವಾಲಿದರೂ ಎದುರಾಳಿಗೆ ನಷ್ಟ. ಗೋಲಿನ ಹತ್ತಿರದ ಫ್ರೀ ಕಿಕ್ ಎಂದರೆ ಬಹುಪಾಲು ಒಂದು ಅಂಕ ಖಚಿತ.

ಕ್ರೋಕ್ ಪಾರ್ಕ್ ಹೆಸರಿಗೆ ಎಲ್ಲರದು, ಆದರೆ ಡಬ್ಲಿನ್ ತಂಡ ಅಲ್ಲಿ ಆಡುವಷ್ಟು ಮತ್ತಾರೂ ಆಡುವುದಿಲ್ಲ. 2015ರಿಂದ 2020ರವರೆಗೆ ಸತತ ಆರು ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದ ತಂಡದ ಪ್ರತಿಭೆಯನ್ನೂ ನೆಲದ ಲಾಭವನ್ನೂ ಬೇರ್ಪಡಿಸುವುದು ಹೇಗೆ? 2018ರಲ್ಲಿ ಡಬ್ಲಿನ್, ಟೈರೋನ್ ತಂಡವನ್ನು ಒಮಾ ಪಟ್ಟಣದ ಅದರದೇ ಅಂಗಣದಲ್ಲಿ ಮೂರು ಅಂಕಗಳಿಂದ ಸೋಲಿಸಿತು. ಕೆಲವೇ ವಾರಗಳ ಬಳಿಕ ಕ್ರೋಕ್ ಪಾರ್ಕಿನ ಫೈನಲ್‌ನಲ್ಲಿ ಅದೇ ಟೈರೋನ್ ವಿರುದ್ಧ ಗೆಲುವಿನ ಅಂತರ ಆರು. ಎರಡೇ ಪಂದ್ಯಗಳ ಲೆಕ್ಕ ಪುರಾವೆಯಾಗದು, ನಿಜ. ಟೈರೋನ್ ಅಭಿಮಾನಿಗಳಿಗೆ ಅದನ್ನು ಹೇಳಿ ನೋಡಿ.